ಕಾದಂಬರಿಲಿ ಹೆಂಗಸಿಗೇ ಯಾಕೆ ಹುಚ್ಚು ಹಿಡಿಯೋದು?

ಸಿರ್ಸಿಲಿ ಇರ್ಲಿ ಕುಮಟಾದಲ್ಲಿ ಇರ್ಲಿ, ಹಳೇ ಕಾದಂಬರಿ ಮಾತು ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರ್ತದೆ. ಕೇಳಿದವರೇ ಉತ್ತರನೂ ಕೊಟ್ಬಿಡ್ತಾರೆ, ಹೆಂಗಸರ ಮನಸ್ಸು ವೀಕ್ ಅಲ್ವಾ, ತಡ್ಕೊಳೋದಿಲ್ಲ ಅಂತ. ತಪ್ಪು ಮಾರಾಯ್ರೆ. ಎಷ್ಟು ಸಲ ಹೇಳಿದ್ರೂ ಇದು ಹೋಗ್ತಿಲ್ಲ, ಅದಕ್ಕೆ ಈ ಸಲ ಪುಸ್ತಕ ಬಿಚ್ಚಿಟ್ಟೇ ಹೇಳ್ತೇನೆ.

ತ್ರಿವೇಣಿಯವರ ಶರಪಂಜರ ತಗೊಳ್ಳಿ. ಹೆಚ್ಚಿನವರು ನೋಡಿದ್ದು ಪುಟ್ಟಣ್ಣ ಕಣಗಾಲರ 1971ರ ಸಿನೆಮಾ, ತಲೇಲಿ ಉಳಿದಿದ್ದು ಕಲ್ಪನಾ ಕಣ್ಣು ಮಾತ್ರ. ಕತೆ ಏನು? ಕಾವೇರಿಗೆ ಕಾಯಿಲೆ ಬಂದದ್ದು ಎರಡನೇ ಹೆರಿಗೆ ಆದ್ಮೇಲೆ, ಆಸ್ಪತ್ರೆಗೆ ಸೇರಿಸಿದ್ರು, ವಾಸಿ ಆಯ್ತು. ಹೌದು, ವಾಸಿ ಆಯ್ತು! ಇದನ್ನ ಎಲ್ಲರೂ ಮರೀತಾರೆ. ಮನೆಗೆ ಬಂದ್ಮೇಲೆ ನಕ್ಕರೆ ಅನುಮಾನ, ಸಿಟ್ಟು ಮಾಡಿದ್ರೆ ಅನುಮಾನ, ಗಂಡನಿಗೆ ಬೇರೆ ಹೆಂಗಸಿನ ಸಹವಾಸ, ಇಷ್ಟೆಲ್ಲ ಆದ್ಮೇಲೆ ಅವಳು ಮತ್ತೆ ಕುಸೀತಾಳೆ. ಮನಸ್ಸು ವೀಕ್ ಆಗಿದ್ರೆ ಮೊದಲನೇ ಸಲನೇ ಎದ್ದು ಬರ್ತಿರ್ಲಿಲ್ಲ.

ಇನ್ನು ಶಾರ್ಲಟ್ ಬ್ರಾಂಟೆಯ ಜೇನ್ ಏರ್, 1847ರದ್ದು. ಮಾಳಿಗೆ ಮೇಲೆ ಕೂಡಿಹಾಕಿರೋ ಬರ್ತಾ ಅಂದ್ರೆ ಎಲ್ಲರಿಗೂ ಬೆಂಕಿ ಹಚ್ಚೋ ಹುಚ್ಚಿ. ಆದ್ರೆ ಒಂದು ರಾತ್ರಿ ನೋಡಿ, ಕತೆಯ ನಾಯಕಿ ಜೇನ್ ಮದುವೆ ಹತ್ರ ಬಂದಿದೆ, ಬರ್ತಾ ಅವಳ ಕೋಣೆಗೆ ಬರ್ತಾಳೆ, ಮದುವೆ ಮುಸುಕನ್ನ ತನ್ನ ತಲೆ ಮೇಲೆ ಹಾಕ್ಕೊಂಡು ಕನ್ನಡಿ ನೋಡ್ತಾಳೆ, ಆಮೇಲೆ ತೆಗೆದು ಎರಡು ತುಂಡು ಮಾಡಿ ತುಳೀತಾಳೆ. ಮಲಗಿದ್ದ ಜೇನ್ ಮೈ ಮುಟ್ಟಲ್ಲ. ಆ ವರನ ಹೆಂಡತಿ ಇವಳೇ, ಅದೇ ಮನೇಲಿ ಅವನ ಇನ್ನೊಂದು ಮದುವೆ ತಯಾರಿ ನಡೀತಿದೆ. ಅವಳು ಮತ್ತೇನು ಹರೀಬೇಕಿತ್ತು ಹೇಳಿ? ಅವಳು ಹುಟ್ಟಾ ಹೀಗೇ, ಅವಳ ತಾಯಿನೂ ಹೀಗೇ ಅಂತ ನಮಗೆ ಹೇಳೋನು ಗಂಡ ರಾಚೆಸ್ಟರ್. ಅವಳ ಕತೆ ಅವಳ ಬಾಯಲ್ಲಿ ಒಂದು ಸಾಲೂ ಇಲ್ಲ. 1966ರಲ್ಲಿ ಜೀನ್ ರೀಸ್, ಬರ್ತಾ ಹಾಗೇ ತಾನೂ ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದವಳು, ವೈಡ್ ಸರ್ಗಾಸೊ ಸೀ ಬರೆದು ಆ ಬಾಯಿ ಕೊಟ್ಟಳು. ಅದ್ರಲ್ಲಿ ಅವಳ ಹೆಸರು ಆಂಟ್ವನೆಟ್, ಬರ್ತಾ ಅಂತ ಕರೆಯೋಕೆ ಶುರು ಮಾಡಿದ್ದು ಗಂಡ.

ಹಾಗಂತ ಹುಚ್ಚೆಲ್ಲ ಬಂಡಾಯ, ಕಾಯಿಲೆ ಅನ್ನೋದೇ ಸುಳ್ಳು ಅನ್ನೋರನ್ನೂ ನಾನು ಒಪ್ಪಲ್ಲ. ಕಾವೇರಿಗೆ ಬಂದಂಥ ಕಾಯಿಲೆ ನಿಜಕ್ಕೂ ಉಂಟಾ ಅಂತ ಮಾತ್ರ ಯಾರೂ ಕೇಳೋದೇ ಇಲ್ಲ, ಕೇಳಬೇಕಿತ್ತು. ಉಂಟು, ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ 2 ವಾರದಲ್ಲೇ ಶುರುವಾಗ್ತದೆ. ನಿದ್ದೆ ಹಾರಿಹೋಗ್ತದೆ, ಇಲ್ಲದ ದನಿ ಕೇಳ್ತದೆ, ಮಾತು ಎಲ್ಲೆಲ್ಲಿಗೋ ಹೋಗ್ತದೆ. ನಮ್ಮ ಕಡೆ ಗಾಳಿ ಸೋಕಿದೆ ಅಂತ ದೇವರ ಹತ್ರ ಪ್ರಸಾದ ಕೇಳ್ತಾರೆ, ಕೇಳ್ಲಿ, ಬೇಡ ಅನ್ನೋದಿಲ್ಲ, ಆದ್ರೆ ಅದೇ ದಿನ ಆಸ್ಪತ್ರೆಗೂ ಕರ್ಕೊಂಡು ಹೋಗ್ಬೇಕು, ತಾಯಿ ಮಗು ಇಬ್ಬರ ಜೀವದ ಪ್ರಶ್ನೆ ಇದು, ಮತ್ತೆ ಔಷಧಿಗೆ ಚೆನ್ನಾಗಿ ಗುಣ ಆಗೋ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ಲಿ ತಾಯಿ ಮಗುನ ಒಟ್ಟಿಗೇ ಇಟ್ಕೊಂಡು ನೋಡೋ ವಾರ್ಡೇ ಇದೆ. ಅಷ್ಟು ದೂರ ಹೇಗಪ್ಪಾ ಅನ್ನೋರು ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ, ಗಾಡಿ ಬರೋದ್ರೊಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.