ಹತ್ತನೇ ಪರೀಕ್ಷೆ ಮುಗಿದ ಮೇಲೆ ಎತ್ತರಕ್ಕೆ ಔಷಧ ಕೇಳಬೇಡಿ

ಮಾರ್ಚ್‌ನಲ್ಲಿ ಎಸ್ಸೆಸ್ಸಿ ಪರೀಕ್ಷೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಹುಡುಗಿಯರು ಬರತೊಡಗುತ್ತಾರೆ. ಹದಿನೈದು, ಹದಿನಾರು ವರ್ಷದವರು. ಜ್ವರವಿಲ್ಲ, ಕೆಮ್ಮಿಲ್ಲ. ಜೊತೆಗೆ ಅಮ್ಮ ಇರುತ್ತಾರೆ, ಕೆಲವು ಸಲ ಅಜ್ಜಿಯೂ. "ಡಾಕ್ಟ್ರೇ, ಮೇ ತಿಂಗಳಲ್ಲಿ ಊರಿಗೆ ಹೋಗ್ಲಿಕ್ಕುಂಟು. ಅಷ್ಟರೊಳಗೆ ಇವಳ ಹೈಟಿಗೆ ಏನಾದ್ರೂ ಕೊಡಿ." ಊರಲ್ಲಿ ಮದುವೆ ಇರುತ್ತದೆ, ನೆಂಟರೆಲ್ಲ ಸೇರುತ್ತಾರೆ, ಸೇರಿದವರು ಹುಡುಗಿಯ ಮಾರ್ಕ್ಸ್ ಕೇಳುವ ಮೊದಲು "ಹೋದ ವರ್ಷವೂ ಇಷ್ಟೇ ಇದ್ದಳಲ್ಲ" ಅನ್ನುತ್ತಾರೆ. ಆ ಮಾತಿಗೆ ಹೆದರಿ ಇಲ್ಲಿಗೆ ಬರುತ್ತಾರೆ. ಪಾಪ, ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಮೊಬೈಲ್ ನೋಡುತ್ತಿರುತ್ತಾಳೆ, ತನ್ನ ವಿಷಯವೇ ಅಲ್ಲ ಎಂಬ ಹಾಗೆ.

ನಾನು ಮಕ್ಕಳ ಡಾಕ್ಟರ್, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನೇ ಜಾಸ್ತಿ ನೋಡುವವಳು. ಒಂದು ಮಾತನ್ನು ಇಷ್ಟು ವರ್ಷ ಹೇಳಿದರೂ ಜನರಿಗೆ ಮುಟ್ಟುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹುಡುಗಿಯರು ಸರಸರನೆ ಎತ್ತರವಾಗುವುದು ಮುಟ್ಟು ಶುರುವಾಗುವ ಮುಂಚೆ. ಆಮೇಲೆ ಅಲ್ಲ.

"ಇನ್ನೂ ದೊಡ್ಡವಳಾಗಿಲ್ಲ, ಆದ ಮೇಲೆ ಉದ್ದ ಆಗ್ತಾಳೆ ಬಿಡಿ" ಅಂತ ಕಾಯುವ ಮನೆಗಳು ಎಷ್ಟೋ. ಈ ತಪ್ಪು ಎಲ್ಲಿಂದ ಬರುತ್ತದೆ ಅಂತಲೂ ನನಗೆ ಗೊತ್ತು. ಮನೆಯಲ್ಲಿ ಅಣ್ಣ ಇರುತ್ತಾನೆ. ಅವನು ಒಂಬತ್ತನೇ ಕ್ಲಾಸಿನವರೆಗೂ ಚಿಕ್ಕವನಾಗಿದ್ದು, ಮೀಸೆ ಚಿಗುರುವ ಹೊತ್ತಿಗೆ ಒಮ್ಮೆಲೇ ಬೆಳೆದಿರುತ್ತಾನೆ. ತಂಗಿಯೂ ಹಾಗೇ ಬೆಳೆಯುತ್ತಾಳೆ ಅಂದುಕೊಳ್ಳುತ್ತಾರೆ. ಹುಡುಗರಿಗೆ ಈ ಓಟ ಸುಮಾರು ಎರಡು ವರ್ಷ ತಡ. ಹುಡುಗಿಯರಲ್ಲಿ ಅದು ಜೋರಾಗಿರುವುದು ಹನ್ನೊಂದು, ಹನ್ನೆರಡರ ಆಸುಪಾಸಿನಲ್ಲಿ. ಆಗ ಒಂದೇ ವರ್ಷದಲ್ಲಿ 8 ಸೆಂಟಿಮೀಟರ್ ಬೆಳೆಯುವವರುಂಟು. ಆ ಓಟ ನಿಧಾನವಾಗತೊಡಗಿದ ಮೇಲೆಯೇ ಮೊದಲ ಮುಟ್ಟು ಬರುವುದು. ಅಲ್ಲಿಂದ ಮುಂದೆ ಸಿಗುವುದು ಸರಾಸರಿ 5ರಿಂದ 7 ಸೆಂಟಿಮೀಟರ್, ಅದೂ ಎರಡು ವರ್ಷಗಳಲ್ಲಿ. ಬೇಗ ಮುಟ್ಟಾದವರಿಗೆ ಸ್ವಲ್ಪ ಜಾಸ್ತಿ, ತಡವಾಗಿ ಆದವರಿಗೆ ಇನ್ನೂ ಕಡಿಮೆ.

ಯಾಕೆ ಹೀಗೆ? ಉದ್ದ ಮೂಳೆಗಳ ತುದಿಯ ಹತ್ತಿರ ಒಂದು ಮೆದು ಪದರ ಇರುತ್ತದೆ. ನಾವು ಗ್ರೋತ್ ಪ್ಲೇಟ್ ಅನ್ನುತ್ತೇವೆ. ಮೂಳೆ ಉದ್ದವಾಗುವುದು ಅಲ್ಲೇ. ಹುಡುಗಿಯರನ್ನು ಬೇಗ ಬೆಳೆಸುವ ಈಸ್ಟ್ರೋಜನ್ ಹಾರ್ಮೋನೇ ಕೊನೆಗೆ ಆ ಪದರವನ್ನು ಗಟ್ಟಿ ಮೂಳೆ ಮಾಡಿ ಮುಚ್ಚುತ್ತದೆ. ಎಡಗೈ ಮಣಿಕಟ್ಟಿನ ಒಂದು ಎಕ್ಸ್‌ರೇ ತೆಗೆದರೆ ಪದರ ಇನ್ನೂ ತೆರೆದಿದೆಯಾ, ಮುಚ್ಚಿದೆಯಾ ಅಂತ ಕಾಣುತ್ತದೆ. ಮುಚ್ಚಿದ ಮೇಲೆ ಯಾವ ಪುಡಿ, ಯಾವ ಮಾತ್ರೆ, ಯಾವ ಇಂಜೆಕ್ಷನ್ನೂ ಆ ಮೂಳೆಯನ್ನು ಉದ್ದ ಮಾಡುವುದಿಲ್ಲ. ಬೆಳವಣಿಗೆಯ ಹಾರ್ಮೋನೂ ಮಾಡುವುದಿಲ್ಲ. ಇದನ್ನು ಹೇಳಿದಾಗ ಅಮ್ಮಂದಿರು ನನ್ನ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಆಮೇಲೆ "ಆದ್ರೂ ಒಂದು ಟಾನಿಕ್ ಬರೆದುಕೊಡಿ" ಅನ್ನುತ್ತಾರೆ. ನಾನು ಬರೆಯುವುದಿಲ್ಲ.

ಹಾಲಿಗೆ ಹಾಕುವ ಪುಡಿಗಳ ಬಗ್ಗೆ ಒಂದೇ ಮಾತು. ಹೆಚ್ಚಿನವುಗಳಲ್ಲಿ ಸಕ್ಕರೆ ಜಾಸ್ತಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಇನ್ನು ಉದ್ದವಾಗಲೆಂದು ಕಬ್ಬಿಣದ ಬಾರ್ ಹಿಡಿದು ನೇತಾಡುವುದು. ನೇತಾಡಲಿ, ಬೆನ್ನಿಗೂ ತೋಳಿಗೂ ಒಳ್ಳೆಯದೇ. ಆದರೆ "ಒಂದು ತಿಂಗಳಲ್ಲಿ ಒಂದು ಸೆಂಟಿಮೀಟರ್ ಬಂತು" ಅನ್ನುವವರು ಮೊದಲು ಅಳೆದದ್ದು ಸಂಜೆ, ಆಮೇಲೆ ಅಳೆದದ್ದು ಬೆಳಿಗ್ಗೆ ಆಗಿರುತ್ತದೆ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ಹಿಗ್ಗುತ್ತವೆ, ಎದ್ದ ಹೊತ್ತಿಗೆ ಎಲ್ಲರೂ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುತ್ತಾರೆ. ಸಂಜೆಗೆ ಅದು ಹೋಗುತ್ತದೆ.

ಎತ್ತರ ಅಳೆಯುವ ಕೋಲಿನ ಕೆಳಗೆ ನಿಲ್ಲಿಸಿದಾಗ ನಾನು ಮೊದಲು ಕಾಲು ನೋಡುತ್ತೇನೆ. ಕುಳ್ಳಗಿರುವ ಹುಡುಗಿಯ ಹಿಮ್ಮಡಿ ಮೆಲ್ಲಗೆ ನೆಲ ಬಿಡುತ್ತದೆ, ಅಡಿಯಲ್ಲಿ ಒಂದು ಪೋಸ್ಟ್ ಕಾರ್ಡ್ ತೂರಿಸುವಷ್ಟು. ಎತ್ತರದ ಹುಡುಗಿ ಮಂಡಿ ಸಡಿಲ ಬಿಡುತ್ತಾಳೆ, ಗಲ್ಲವನ್ನು ಎದೆಯ ಕಡೆ ಇಳಿಸುತ್ತಾಳೆ. ಇಬ್ಬರಿಗೂ ಅಳತೆಯಲ್ಲಿ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಫೋಟೋದಲ್ಲಿ, ಶಾಲೆಯ ಸಾಲಿನಲ್ಲಿ, ಮದುವೆ ಮನೆಯಲ್ಲಿ ಹಾಗೇ ನಿಂತು ನಿಂತು ಮೈಗೆ ಅಭ್ಯಾಸವಾಗಿರುತ್ತದೆ. ಮೆತ್ತಗೆ ಪಾದ ಮುಟ್ಟಿ, ಹಿಮ್ಮಡಿ ಕೆಳಗಿಡು ಮಗಾ ಅನ್ನುತ್ತೇನೆ. ಒಬ್ಬೊಬ್ಬರಿಗೆ ಕಣ್ಣು ತುಂಬಿ ಬರುತ್ತದೆ.

ಘಾಟ್ಕೋಪರ್‌ನಿಂದ ಒಬ್ಬ ಅಮ್ಮ ಆರು ವರ್ಷದ ಮಗಳನ್ನು ಕರೆತಂದಿದ್ದರು. ಅಮ್ಮನ ಎತ್ತರ 4 ಅಡಿ 9 ಇಂಚು, ಬ್ಯಾಂಕಿನಲ್ಲಿ ಒಳ್ಳೆಯ ಹುದ್ದೆ. "ಇವಳು ನನ್ನ ಹಾಗೆ ಆಗ್ಬಾರ್ದು, ಎಷ್ಟು ಖರ್ಚಾದ್ರೂ ಪರ್ವಾಗಿಲ್ಲ" ಎಂದು ಕೂರುವ ಮೊದಲೇ ಹೇಳಿದರು. ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಹಿಡಿಕೆ ಕೈಗೆ ಸಿಗುವುದಿಲ್ಲ, ಅದು ಅವರಿಗೆ ದೊಡ್ಡ ವಿಷಯವಲ್ಲ. ಪಕ್ಕದವಳ ಬ್ಯಾಗ್ ಹಿಡಿದು ನಿಲ್ಲುತ್ತಾರಂತೆ, ದಿನಾ ಹೋಗುವ ಗುಂಪು, ಯಾರೂ ಏನೂ ಅನ್ನುವುದಿಲ್ಲ. ನೋವು ಇದ್ದದ್ದು ಬೇರೆ ಕಡೆ. ಮದುವೆಯಾದ ಹೊಸದರಲ್ಲಿ ಗಂಡನ ಮನೆಯವರು "ನಮ್ಮ ಗಿಡ್ಡಿ" ಅಂತ ಕರೆಯಲು ಶುರು ಮಾಡಿದರು. ಪ್ರೀತಿಯಿಂದಲೇ. ಆಫೀಸಿನಲ್ಲಿ ಬುಟ್ಕಿ ಅನ್ನುವವರೂ ಇದ್ದರು. ಈಗ ಯಾರಾದರೂ ಅನ್ನುವ ಮೊದಲು ಅವರೇ ಅಂದುಕೊಂಡು ನಕ್ಕುಬಿಡುತ್ತಾರೆ. ಇದನ್ನೆಲ್ಲ ಮಗಳ ಎದುರೇ ಹೇಳುತ್ತಿದ್ದರು. ಆ ಮಗು ನನ್ನ ಟೇಬಲ್ ಮೇಲಿದ್ದ ಸ್ಟೆತಾಸ್ಕೋಪ್ ಮುಟ್ಟುವುದನ್ನು ಬಿಟ್ಟು ಅಮ್ಮನ ಮುಖ ನೋಡುತ್ತಿತ್ತು.

ಮಗಳನ್ನು ಅಳೆದೆ. ಹಳೆಯ ಅಳತೆ ತಂದಿದ್ದರು. ವರ್ಷಕ್ಕೆ 6 ಸೆಂಟಿಮೀಟರ್ ಬೆಳೆದಿದ್ದಳು, ಏನೇನೂ ತೊಂದರೆಯಿಲ್ಲ. ಮಗಳನ್ನು ಹೊರಗೆ ನರ್ಸ್ ಹತ್ತಿರ ಕಳಿಸಿ ಅಮ್ಮನಿಗೆ ಹೇಳಿದೆ: ನೀವು ಸರಿಯಾದ ವಯಸ್ಸಿನಲ್ಲೇ ಕರೆತಂದಿದ್ದೀರಿ, ತುಂಬಾ ಒಳ್ಳೆಯದಾಯಿತು, ಆರು ತಿಂಗಳಿಗೊಮ್ಮೆ ಬನ್ನಿ. ಆದರೆ ಅವಳೆದುರು ನಿಮ್ಮ ಎತ್ತರವನ್ನು ಹೀಗೆ ಹಳಿದುಕೊಳ್ಳಬೇಡಿ. ಅಪ್ಪ-ಅಮ್ಮನ ಲೆಕ್ಕ ಹಾಕಿದರೆ ಅವಳೂ ಐದಡಿಯ ಆಚೀಚೆ ನಿಲ್ಲುವವಳು. ಅಮ್ಮನ ಮೈ ತಪ್ಪು ಅಂತ ಈಗಲೇ ಕಲಿತರೆ ಮುಂದೆ ತನ್ನ ಮೈಯನ್ನೂ ಹಾಗೇ ನೋಡುತ್ತಾಳೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆ ಲೆಕ್ಕ ಏನೆಂದರೆ, ಅಪ್ಪನ ಎತ್ತರ, ಅಮ್ಮನ ಎತ್ತರ ಸೆಂಟಿಮೀಟರಿನಲ್ಲಿ ಕೂಡಿಸಿ, 13 ಕಳೆದು, ಅರ್ಧ ಮಾಡಿ. ಅಪ್ಪ 165, ಅಮ್ಮ 150 ಇದ್ದರೆ ಮಗಳಿಗೆ 151 ಬರುತ್ತದೆ, ಅತ್ತಿತ್ತ ಎಂಟು ಸೆಂಟಿಮೀಟರ್ ಬಿಡಿ. ಇದು ಅಂದಾಜು, ಭವಿಷ್ಯ ಹೇಳುವುದಲ್ಲ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರವೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಸುಮಾರು 152 ಸೆಂಟಿಮೀಟರ್, ಅಂದರೆ ಐದಡಿ. ಹುಡುಗಿ 5 ಅಡಿ 4 ಇಂಚು ಇರಬೇಕು ಅಂತ ಬಯೋಡೇಟಾದಲ್ಲಿ ಬರೆಯುವವರು ತಮ್ಮ ಮನೆಯ ಹೆಂಗಸರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಲಿ. ಮಹಾರಾಷ್ಟ್ರದಲ್ಲಿ ಪೊಲೀಸ್ ಭರ್ತಿಗೆ ಹುಡುಗಿಯರಿಗೆ 155 ಬೇಕು ಎಂದು ಹದಿನೆಂಟರ ಹುಡುಗಿಯರೂ ಬರುತ್ತಾರೆ. ಎರಡು ಸೆಂಟಿಮೀಟರ್ ಕಡಿಮೆ ಇರುತ್ತದೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಅದು ಸುಮ್ನೆ ಚೆಂದದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಆದರೂ ಆ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಹುಡುಗ ಚಿಕ್ಕವನಿದ್ದರೆ ಎಂಟನೇ ವರ್ಷಕ್ಕೇ ಕರೆತರುತ್ತಾರೆ. ಹುಡುಗಿಯಾದರೆ "ಹೆಣ್ಣು ಮಗು ಅಲ್ವಾ, ಪುಟ್ಟಗಿದ್ರೆ ಚೆಂದ" ಎಂದು ಐದನೇ ಕ್ಲಾಸಿನವರೆಗೂ ಮುದ್ದು ಮಾಡುತ್ತಾರೆ. ಅದೇ ಜನ ಹತ್ತನೇ ಕ್ಲಾಸು ಮುಗಿದ ಮೇಲೆ ಗಂಡು ಸಿಗುವುದಿಲ್ಲ ಎಂದು ಓಡಿ ಬರುತ್ತಾರೆ. ನಡುವಿನ ಆ ಐದು ವರ್ಷವೇ ನಮಗೆ ಬೇಕಾಗಿದ್ದದ್ದು. ಥೈರಾಯ್ಡ್ ಕಡಿಮೆ ಇದ್ದರೆ ಒಂದು ಸಣ್ಣ ಮಾತ್ರೆಯಿಂದ ಬೆಳವಣಿಗೆ ಮತ್ತೆ ದಾರಿಗೆ ಬರುತ್ತದೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದರೆ ಗೋಧಿ, ಬಾರ್ಲಿ ಇರುವ ತಿನಿಸನ್ನೆಲ್ಲ ಪೂರ್ತಿ ಬಿಡಿಸಿದರೆ ಸಾಕಾಗಬಹುದು. ಟರ್ನರ್ ಸಿಂಡ್ರೋಮ್ ಅಂತ ಒಂದಿದೆ, ಸುಮಾರು 2500 ಹೆಣ್ಣು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಎರಡನೇ ಎಕ್ಸ್ ಕ್ರೋಮೋಸೋಮ್ ಇರುವುದಿಲ್ಲ ಅಥವಾ ಪೂರ್ತಿ ಇರುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಹೊರಗೆ ಕಾಣುವುದು ಕುಳ್ಳಗಿರುವುದು ಮಾತ್ರ. ಬುದ್ಧಿ ಚೆನ್ನಾಗೇ ಇರುತ್ತದೆ, ಓದುತ್ತಾರೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಬೇಗ ಗೊತ್ತಾದರೆ ಬೆಳವಣಿಗೆಯ ಹಾರ್ಮೋನಿನಿಂದ ಉಪಯೋಗವಿದೆ, ಹೃದಯ, ಕಿಡ್ನಿ, ಕಿವಿಯನ್ನೂ ನೋಡಿಕೊಳ್ಳಬಹುದು. ಹದಿನಾರಕ್ಕೆ, "ಮುಟ್ಟೂ ಬಂದಿಲ್ಲ, ಎತ್ತರವೂ ಇಲ್ಲ" ಎಂದು ಬಂದಾಗ ಎತ್ತರದ ಕಾಲ ಹೆಚ್ಚುಕಡಿಮೆ ಮುಗಿದಿರುತ್ತದೆ.

ಇದರ ಇನ್ನೊಂದು ಮುಖವೂ ಇದೆ, ಅದನ್ನು ಯಾರೂ ನಂಬುವುದಿಲ್ಲ. ಏಳೆಂಟು ವರ್ಷಕ್ಕೆ ಇಡೀ ಕ್ಲಾಸಿನಲ್ಲಿ ಎತ್ತರವಾಗಿರುವ ಹುಡುಗಿ ದೊಡ್ಡವಳಾದಾಗ ಕುಳ್ಳಗೆ ಉಳಿಯಬಹುದು. ಎಂಟು ವರ್ಷಕ್ಕೆ ಮುಂಚೆ ಎದೆ ಮೂಡತೊಡಗಿದರೆ ಖುಷಿಪಟ್ಟು ಕೂರಬೇಡಿ. ಅವಳ ಓಟ ಬೇಗ ಶುರುವಾಗಿದೆ, ಬೇಗ ಮುಗಿಯುತ್ತದೆ. ಆಗ ಬಂದರೆ, ಎಲ್ಲರಿಗೂ ಅಲ್ಲ, ಕೆಲವರಿಗೆ, ಇಂಜೆಕ್ಷನ್ ಕೊಟ್ಟು ಆ ಓಟವನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಮಗುವನ್ನು ನೋಡದೆ ಹೇಳುವ ಮಾತಲ್ಲ.

ಎತ್ತರದ ಹುಡುಗಿಯರ ಕಷ್ಟ ಬೇರೆ ಥರ. ಪಿಂಪ್ರಿಯಿಂದ ಬಂದ ಒಂದು ಕುಟುಂಬ, ಮೂಲ ವಿಜಯಪುರದ ಕಡೆಯವರು. ಹದಿಮೂರು ವರ್ಷದ ಹುಡುಗಿ, 171 ಸೆಂಟಿಮೀಟರ್, ಭುಜ ಮುಂದಕ್ಕೆ ಬಾಗಿಸಿ ಕೂತಿದ್ದಳು. ಅಜ್ಜಿಯದೇ ಮಾತೆಲ್ಲ. "ಡಾಕ್ಟರ್ರ, ಈಕಿಗೆ ಎಲ್ಲಿಂದ ಗಂಡ ತರೂದ್ರಿ? ಬೆಳಿಯೂದು ನಿಂದ್ರಸೋ ಗುಳಿಗಿ ಇರ್ತಾವಂತಲ್ರಿ?" ಅಪ್ಪ ಆರಡಿ, ಅಮ್ಮ ಐದೂವರೆ ಅಡಿ. ಹುಡುಗಿಗೆ ಎತ್ತರ ಎಲ್ಲಿಂದ ಬಂತು ಅಂತ ಹುಡುಕಬೇಕಾಗಿರಲಿಲ್ಲ. ಅಜ್ಜಿ ಕೇಳಿದ ಗುಳಿಗೆ ಒಂದು ಕಾಲಕ್ಕೆ ನಿಜಕ್ಕೂ ಇತ್ತು. 1950ರ ದಶಕದಿಂದ ಅಮೆರಿಕ, ಆಸ್ಟ್ರೇಲಿಯಾ, ಯುರೋಪಿನ ಡಾಕ್ಟರುಗಳು ಎತ್ತರದ ಹುಡುಗಿಯರಿಗೆ ದೊಡ್ಡ ಡೋಸಿನಲ್ಲಿ ಈಸ್ಟ್ರೋಜನ್ ಕೊಟ್ಟು ಮೂಳೆಯ ಪದರ ಬೇಗ ಮುಚ್ಚಿಸುತ್ತಿದ್ದರು. ಅಲ್ಲಿನ ಮನೆಗಳಲ್ಲೂ ಮದುವೆಯದೇ ಚಿಂತೆ. ಆ ಹುಡುಗಿಯರು ದೊಡ್ಡವರಾದ ಮೇಲೆ ಆಸ್ಟ್ರೇಲಿಯಾದವರು ಹುಡುಕಿ ಹೋಗಿ ವಿಚಾರಿಸಿದರು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು: ಔಷಧ ತೆಗೆದುಕೊಂಡವರಿಗೆ ಗರ್ಭ ನಿಲ್ಲುವುದು, ತೆಗೆದುಕೊಳ್ಳದ ಎತ್ತರದ ಹೆಂಗಸರಿಗಿಂತ ಕಷ್ಟವಾಗಿತ್ತು. ಇದನ್ನು ಅಜ್ಜಿಗೆ ಬಿಡಿಸಿ ಹೇಳಿದೆ. "ಹಂಗಾರ ಬ್ಯಾಡ್ರಿ ಯವ್ವಾ" ಅಂದು ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟರು.

ತುಂಬಾ ಎತ್ತರದ ಜೊತೆಗೆ ಕೈಬೆರಳು ಅತಿ ಉದ್ದ, ಕಣ್ಣಿನ ತೊಂದರೆ, ಬೆನ್ನು ವಕ್ರ ಇದ್ದರೆ ಮಾತ್ರ ಒಮ್ಮೆ ಹೃದಯದ ಪರೀಕ್ಷೆ ಆಗಬೇಕು, ಮಾರ್ಫಾನ್ ಎಂಬ ತೊಂದರೆ ಇರಬಹುದು. ಉಳಿದವರಿಗೆ "ಮೇಲೆ ಗಾಳಿ ಹೇಗಿದೆ" ಎಂದು ಕೇಳುವುದನ್ನು ನಿಲ್ಲಿಸಿ, ಅಷ್ಟು ಸಾಕು.

ಕಾಲಿನ ಮೂಳೆ ಕತ್ತರಿಸಿ ಉದ್ದ ಮಾಡುವ ಆಪರೇಷನ್ ಬಗ್ಗೆ ಈಗ ಇಪ್ಪತ್ತರ ಹುಡುಗಿಯರು ಕೇಳುತ್ತಾರೆ. ಸೈಬೀರಿಯಾದ ಇಲಿಜರೋವ್ ಎಂಬ ಡಾಕ್ಟರು ಆ ವಿಧಾನ ಬೆಳೆಸಿದ್ದು ಮುರಿದು ಮತ್ತೆ ಕೂಡಿಕೊಳ್ಳದ ಮೂಳೆ, ಗಿಡ್ಡವಾದ ಕಾಲು ಇದ್ದವರಿಗಾಗಿ. ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಎಳೆಯುತ್ತಾರೆ, ಆಮೇಲೆ ಮೂಳೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಸೋಂಕು, ನರಕ್ಕೆ ಪೆಟ್ಟು, ಕೀಲು ಬಿಗಿಯುವುದು ಎಲ್ಲ ಇದೆ. ನಿರ್ಧಾರ ಅವರದು, ಮೂಳೆ ಡಾಕ್ಟರ ಹತ್ತಿರ ಕೂತು ಪೂರ್ತಿ ಕೇಳಿ ಮಾಡಲಿ. ಗಂಡಿನ ಕಡೆಯವರ ಒಂದು ಮಾತಿಗಾಗಿ ಹೋಗಬೇಡ ಅಂತ ಮಾತ್ರ ನಾನು ಬೇಡಿಕೊಳ್ಳುತ್ತೇನೆ.

ಮನೆಯಲ್ಲಿ ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಬರಿಗಾಲು, ಜಡೆ-ಜುಟ್ಟು ಬಿಚ್ಚಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ಒರಗಿಸಿ, ನೋಟ ನೇರ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗುರುತು. ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಅಳೆಯಿರಿ, ಆರು ತಿಂಗಳಿಗೊಮ್ಮೆ, ತಾರೀಕು ಹಾಕಿ. ಐದರಿಂದ ಹತ್ತು ವರ್ಷದ ಹುಡುಗಿ ವರ್ಷಕ್ಕೆ 5 ಸೆಂಟಿಮೀಟರಿನಷ್ಟು ಬೆಳೆಯಬೇಕು. 4ಕ್ಕಿಂತ ಕಡಿಮೆಯಾದರೆ, ಅಥವಾ ಎರಡು ವರ್ಷವಾದರೂ ಅದೇ ಯೂನಿಫಾರಂ ಸರಿಹೋಗುತ್ತಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ. ನಮ್ಮ ಮಕ್ಕಳಿಗೆಂದೇ ಮಕ್ಕಳ ಡಾಕ್ಟರುಗಳ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಬೆಳವಣಿಗೆಯ ಹೊಸ ಚಾರ್ಟ್ ತಂದಿದೆ, ಅದರಲ್ಲಿ ಪುಣೆಯ ಡಾಕ್ಟರುಗಳ ದುಡಿಮೆ ಬಹಳ ಇದೆ. ಅದರ ಮೇಲೆ ಗುರುತು ಹಾಕಿಸಿಕೊಳ್ಳಿ. ಪಕ್ಕದ ಬಿಲ್ಡಿಂಗಿನ ಹುಡುಗಿಯ ಜೊತೆ ಹೋಲಿಸಬೇಡಿ.

ಬರುವಾಗ ಶಾಲೆಯ ಹಳೆಯ ಅಳತೆ, ಲಸಿಕೆಯ ಪುಸ್ತಕ ತನ್ನಿ. ಅಪ್ಪನೂ ಬರಲಿ. ಅವರ ಎತ್ತರವನ್ನು ನಾನೇ ಅಳೆಯುತ್ತೇನೆ, ಮನೆಯಲ್ಲಿ ಹೇಳುವ ಅಪ್ಪನ ಎತ್ತರ ಎಷ್ಟೋ ಸಲ ಒಂದೆರಡು ಇಂಚು ಜಾಸ್ತಿ ಇರುತ್ತದೆ, ಆಗ ಲೆಕ್ಕವೇ ತಪ್ಪುತ್ತದೆ.