ಕುಗ್ಗುವ ಇಸ್ಪೀಟೆಲೆಗಳು: ದೊಡ್ಡದು ಎಲ್ಲಿ ಹೋಯಿತು?

ಕೈಯಲ್ಲಿ ಬೀಸಣಿಗೆಯಂತೆ ಬಿಡಿಸಿದ ಎಲೆಗಳನ್ನು ಒಮ್ಮೆ ಹಿಂಡಿದರೆ ಚಿಕ್ಕದಾಗುತ್ತವೆ, ಮತ್ತೆ ಹಿಂಡಿದರೆ ಇನ್ನೂ ಚಿಕ್ಕದಾಗುತ್ತವೆ, ಕೊನೆಗೆ ಬೆರಳ ತುದಿಯಲ್ಲಿ ಪುಟ್ಟ ಕಂತೆಯೊಂದು ಉಳಿದು ಅದೂ ಮಾಯವಾಗುತ್ತದೆ. 19ನೇ ಶತಮಾನದಿಂದ ರಂಗದ ಮೇಲೆ ನಡೆದುಕೊಂಡು ಬಂದ ಜಾದೂ ಆಟವಿದು. ಬೀಸಣಿಗೆ ಬಿಡಿಸುವುದು, ಎಲೆಯನ್ನು ಅಂಗೈಯಲ್ಲಿ ಮರೆಮಾಡುವುದು, ಎರಡು ಎಲೆಗಳನ್ನು ಒಂದೇ ಎಂಬಂತೆ ಎತ್ತುವ ಡಬಲ್ ಲಿಫ್ಟ್ ಇವೆಲ್ಲ ನಿಮಗೆ ಬರುತ್ತವೆ ಎಂದುಕೊಂಡೇ ಮುಂದೆ ಹೋಗುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ಕೈಚಳಕವಲ್ಲ, ಅಳತೆ.

ಅಳತೆಯ ಗಂಟು

ಸಾಮಾನ್ಯ ಪೋಕರ್ ಕಾರ್ಡ್ 2.5 ಅಂಗುಲ ಅಗಲ, 3.5 ಅಂಗುಲ ಉದ್ದ. ಮಿಲಿಮೀಟರಿನಲ್ಲಿ 63.5 ಮತ್ತು 88.9. ಅಂಗಡಿಯಲ್ಲಿ ಸಿಗುವ ‘ಹಾಫ್ ಸೈಜ್’ ಮಿನಿ ಕಾರ್ಡ್ 1.75 ಅಂಗುಲ ಅಗಲ, 2.5 ಅಂಗುಲ ಉದ್ದ. ಸ್ಕೇಲ್ ಇಟ್ಟು ನೋಡಿದರೆ ಅಗಲವೂ ಅರ್ಧವಾಗಿಲ್ಲ, ಉದ್ದವೂ ಅರ್ಧವಾಗಿಲ್ಲ. ಮತ್ತೆ ಅರ್ಧವಾಗಿದ್ದು ಯಾವುದು? ವಿಸ್ತೀರ್ಣ. ದೊಡ್ಡದರದ್ದು 8.75 ಚದರ ಅಂಗುಲ, ಚಿಕ್ಕದರದ್ದು 4.375.

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಒಂದು ಪೋಕರ್ ಎಲೆಯನ್ನು ಉದ್ದದ ನಡುವೆ ಮಡಚಿ. 3.5 ಅಂಗುಲ ಇದ್ದದ್ದು 1.75 ಆಗುತ್ತದೆ, 2.5 ಹಾಗೆಯೇ ಉಳಿಯುತ್ತದೆ. ಈಗ ಅದನ್ನು ಕಾಲು ಸುತ್ತು ತಿರುಗಿಸಿ. 1.75 ಅಗಲ, 2.5 ಉದ್ದ: ಮಿನಿ ಕಾರ್ಡಿನ ಅಳತೆಯೇ ಬಂತು. ದೊಡ್ಡದರಲ್ಲಿ ಉದ್ದಕ್ಕೂ ಅಗಲಕ್ಕೂ ಇರುವ ಪ್ರಮಾಣ 1.4, ಮಡಚಿದ ಮೇಲೆ 1.43. ಕಣ್ಣಿಗೆ ವ್ಯತ್ಯಾಸ ತಿಳಿಯದು. ಇನ್ನೊಮ್ಮೆ ಮಡಚಿ ತಿರುಗಿಸಿದರೆ 1.25 ಅಗಲ, 1.75 ಉದ್ದ, ಪ್ರಮಾಣ ಮತ್ತೆ ಸರಿಯಾಗಿ 1.4. ಎಷ್ಟು ಸಲ ಮಡಚಿದರೂ ಅದು ‘ಇಸ್ಪೀಟೆಲೆ’ಯಾಗಿಯೇ ಕಾಣುತ್ತದೆ. ಎ4 ಹಾಳೆ ಮಡಚಿದರೆ ಎ5 ಬರುವ ಲೆಕ್ಕವೇ ಇದು: 2ರ ವರ್ಗಮೂಲ 1.414, ಪೋಕರ್ ಎಲೆ ಅದರ ಪಕ್ಕದಲ್ಲೇ ಇದೆ.

ಬ್ರಿಡ್ಜ್ ಕಾರ್ಡಿನಲ್ಲಿ ಇದನ್ನು ಮಾಡಿ ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಬ್ರಿಡ್ಜ್ ಎಲೆ 2.25 ಅಗಲ, 3.5 ಉದ್ದ, ಪ್ರಮಾಣ 1.56. ಮಡಚಿದರೆ 1.75 ಅಗಲ, 2.25 ಉದ್ದ, ಪ್ರಮಾಣ 1.29ಕ್ಕೆ ಇಳಿಯುತ್ತದೆ. ಅಂದರೆ ನೀಳವಾಗಿದ್ದ ಎಲೆ ಗಿಡ್ಡವಾಗಿ ಊದಿಕೊಂಡಂತೆ ಕಾಣುತ್ತದೆ. ನೋಡುವವರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬಾರದಿದ್ದರೂ ‘ಇದು ಬೇರೆ ಎಲೆ’ ಎಂಬ ಅನುಮಾನ ಹುಟ್ಟುತ್ತದೆ. ಸಣ್ಣ ಕೈಯವರು ಹಿಡಿಯಲು ಸುಲಭವೆಂದು ಬ್ರಿಡ್ಜ್ ಕಟ್ಟನ್ನೇ ಆರಿಸಿಕೊಳ್ಳುತ್ತಾರೆ. ಬೇರೆ ಆಟಗಳಿಗೆ ಆಗಬಹುದು, ಈ ಆಟಕ್ಕೆ ಬೇಡ.

ಇದರಿಂದ ಹೊರಬಿದ್ದ ಅಡ್ಡದಾರಿಯೊಂದು ನನಗೆ ಬಹಳ ಪ್ರಿಯ: ಹೊಸ ಉದ್ದ ಯಾವಾಗಲೂ ಹಳೆಯ ಅಗಲಕ್ಕೆ ಸಮ. ಪೋಕರ್ ಎಲೆಯ ಅಗಲ 63.5 ಮಿಮೀ, ಮುಂದಿನ ಹಂತದ ಉದ್ದವೂ 63.5. ಅದರ ಅಗಲ 44.5, ಅದರ ಮುಂದಿನದರ ಉದ್ದವೂ 44.5. ಬರೆದಿಟ್ಟುಕೊಳ್ಳಬೇಕಾದ ಸಾಲು ಇಷ್ಟೇ: 88.9, 63.5, 44.5, 31.8, 22.2. ಪಕ್ಕಪಕ್ಕದ ಎರಡು ಅಂಕಿ ಹಿಡಿದರೆ ಒಂದು ಎಲೆ. ಪ್ರತಿ ಹಂತದಲ್ಲೂ ಉದ್ದ ಸುಮಾರು 71 ಪ್ರತಿಶತಕ್ಕೆ ಇಳಿಯುತ್ತದೆ.

ಇದರ ಉಪಯೋಗ ಲೆಕ್ಕದಲ್ಲಷ್ಟೇ ಅಲ್ಲ. ಚಿಕ್ಕ ಕಂತೆಯನ್ನು ಅಡ್ಡ ಮಲಗಿಸಿ ದೊಡ್ಡ ಎಲೆಯ ಹಿಂದೆ ಇಟ್ಟರೆ ಅದು ಅಂಚಿನಿಂದ ಅಂಚಿಗೆ ಸರಿಯಾಗಿ ಕೂರುತ್ತದೆ. ದೊಡ್ಡದರ ಕೆಳಗಿನ ಅರ್ಧವನ್ನು ಪೂರ್ತಿ ತುಂಬುತ್ತದೆ, ಒಂದು ಕೂದಲೆಳೆಯೂ ಹೊರಗೆ ಇಣುಕುವುದಿಲ್ಲ. ನೆಟ್ಟಗೆ ಇಟ್ಟರೆ ಎರಡೂ ಬದಿಯಲ್ಲಿ ಜಾಗ ಉಳಿದು ಕಂತೆ ಜಾರಾಡುತ್ತದೆ. ಅಡ್ಡವಿಟ್ಟದ್ದನ್ನು ಹೆಬ್ಬೆರಳು ಅಂಚಿನಿಂದಲೇ ಗುರುತಿಸುತ್ತದೆ, ಕಣ್ಣು ಹಾಯಿಸಬೇಕಿಲ್ಲ.

ಕುಗ್ಗಿಸುವುದೂ ಹಿಗ್ಗಿಸುವುದೂ ಒಂದೇ ಅಲ್ಲ

ಕುಗ್ಗಿಸುವ ಆಟವನ್ನು ಹಿಂದೆಮುಂದಾಗಿ ಮಾಡಿದರೆ ಹಿಗ್ಗಿಸುವ ಆಟ ಎಂದು ತೋರುವುದು ಸಹಜ. ಪ್ರೇಕ್ಷಕರ ಕಡೆಯಿಂದ ನೋಡಿದರೆ ಹೌದು. ಜಾದೂಗಾರನ ಕಡೆಯಿಂದ ಇವೆರಡರ ಕಷ್ಟ ಬೇರೆ ಬೇರೆ ಜಾಗದಲ್ಲಿದೆ.

ಕುಗ್ಗಿಸುವಾಗ ಚಿಕ್ಕದನ್ನು ತರುವುದು ಕಷ್ಟವೇ ಅಲ್ಲ, ಅದು ದೊಡ್ಡದರ ಹಿಂದೆ ಆರಾಮಾಗಿ ಕುಳಿತಿರುತ್ತದೆ. ಕಷ್ಟವಿರುವುದು ಆಮೇಲೆ. ಚಿಕ್ಕದು ಕಂಡ ಕೂಡಲೇ ದೊಡ್ಡದು ಇಲ್ಲವಾಗಿರಬೇಕು, ಆದರೆ ಚಿಕ್ಕದರ ಹಿಂದೆ ದೊಡ್ಡದನ್ನು ಅಡಗಿಸಲಾಗದು. ಇದಕ್ಕೆ ಇರುವ ದಾರಿಗಳನ್ನು ಒಟ್ಟು ಹಾಕಿದರೆ ಮೂರೇ ಬಗೆ. ಒಂದು, ದೊಡ್ಡದು ಹೋಗುವುದೇ ಇಲ್ಲ, ಮಡಚಿಕೊಳ್ಳುತ್ತದೆ. ಮೇಲೆ ಹೇಳಿದ ಅಳತೆ ಇಲ್ಲಿ ಕೈಹಿಡಿಯುತ್ತದೆ. ಎರಡು, ದೊಡ್ಡದನ್ನು ಅಂಗೈಯಲ್ಲಿ ಒಯ್ದು ಜೇಬಿನಲ್ಲೋ ಮೇಜಿನ ಹಿಂದೆಯೋ ಬಿಟ್ಟುಬರುವುದು. ಮೂರು, ಮೊದಲ ಹಂತದಲ್ಲಿ ಏನನ್ನೂ ಬದಲಿಸದೆ ಎಲೆಗಳನ್ನು ಮುಷ್ಟಿಯೊಳಗೆ ಆಳವಾಗಿ ಹಿಡಿದು ಬೀಸಣಿಗೆಯ ಮೇಲಿನ ಭಾಗ ಮಾತ್ರ ಕಾಣುವಂತೆ ಮಾಡುವುದು. ಮೂರನೆಯದನ್ನು ಕಲಿಯುವವರು ಕಡೆಗಣಿಸುತ್ತಾರೆ. ನನ್ನ ಪ್ರಕಾರ ಇಡೀ ಆಟದ ಜಾಣತನ ಅಲ್ಲಿದೆ, ಏಕೆಂದರೆ ಮೊದಲ ‘ಕುಗ್ಗುವಿಕೆ’ಯಲ್ಲಿ ಹಿಡಿದುಹಾಕಲು ಏನೂ ಇಲ್ಲ.

ಹಿಗ್ಗಿಸುವಾಗ ಇದು ತಿರುವುಮುರುವು. ಹಿಗ್ಗಿದ ಮೇಲೆ ಚಿಕ್ಕದು ದೊಡ್ಡದರ ಹಿಂದೆ ತಾನಾಗಿಯೇ ಅಡಗುತ್ತದೆ. ಕಷ್ಟವೆಲ್ಲ ಮೊದಲೇ: ದೊಡ್ಡದನ್ನು ಎಲ್ಲಿ ಇಟ್ಟುಕೊಂಡು ಬರುವುದು? ಜಂಬೋ ಕಾರ್ಡ್ 5 ಅಂಗುಲ ಅಗಲ, 7 ಅಂಗುಲ ಉದ್ದ. ನಾಲ್ಕು ಪೋಕರ್ ಎಲೆಗಳನ್ನು ಎರಡೆರಡಾಗಿ ಜೋಡಿಸಿದಷ್ಟು. ಅದನ್ನು ಎರಡು ಸಲ ಮಡಚಿದರೆ ಪೋಕರ್ ಎಲೆಯ ಅಳತೆಗೇ ಬಂದು ನಿಲ್ಲುತ್ತದೆ. ದಪ್ಪ ಮಾತ್ರ ನಾಲ್ಕು ಪಟ್ಟು.

ದಪ್ಪ

ಉದ್ದ, ಅಗಲ ಕುಗ್ಗಿದರೂ ರಟ್ಟಿನ ದಪ್ಪ ಕುಗ್ಗುವುದಿಲ್ಲ. 52 ಎಲೆಯ ಕಟ್ಟು ಸುಮಾರು 15 ಮಿಮೀ ದಪ್ಪ. ಉದ್ದ 44.5 ಮಿಮೀ ಆದಾಗಲೂ ದಪ್ಪ 15 ಮಿಮೀ ಇದ್ದರೆ ಕೈಯಲ್ಲಿರುವುದು ಇಸ್ಪೀಟು ಕಟ್ಟಲ್ಲ, ಇಟ್ಟಿಗೆ. ದಪ್ಪವೂ 71 ಪ್ರತಿಶತಕ್ಕೆ ಇಳಿಯಬೇಕೆಂದರೆ ಎಲೆಗಳ ಸಂಖ್ಯೆ 52ರಿಂದ ಸುಮಾರು 37ಕ್ಕೆ, ಮುಂದೆ 26ಕ್ಕೆ. ಎಣಿಸುವವರಿಲ್ಲ, ಧೈರ್ಯವಾಗಿ ತೆಗೆಯಿರಿ.

ಕಣ್ಣು

ಗಾತ್ರವನ್ನು ಕಣ್ಣು ಅಕ್ಕಪಕ್ಕದ ವಸ್ತುವಿನೊಡನೆ ಹೋಲಿಸಿ ಅಳೆಯುತ್ತದೆ. ಒಂದೇ ಅಳತೆಯ ಎರಡು ಬಾಗಿದ ತುಂಡುಗಳನ್ನು ಒಂದರ ಕೆಳಗೊಂದು ಇಟ್ಟರೆ ಒಂದು ದೊಡ್ಡದಾಗಿ ಕಾಣುವ ಭ್ರಮೆಗೆ ಮನಶ್ಶಾಸ್ತ್ರಜ್ಞ ಜೋಸೆಫ್ ಜಾಸ್ಟ್ರೋ ಹೆಸರಿದೆ. ಇದೇ ಜಾಸ್ಟ್ರೋ 1890ರ ದಶಕದಲ್ಲಿ ಅಂದಿನ ಪ್ರಸಿದ್ಧ ಜಾದೂಗಾರರಾದ ಅಲೆಕ್ಸಾಂಡರ್ ಹರ್ಮನ್ ಮತ್ತು ಹ್ಯಾರಿ ಕೆಲ್ಲರ್ ಅವರ ಕೈ, ಕಣ್ಣಿನ ಚುರುಕನ್ನು ಪರೀಕ್ಷಿಸಿದ್ದರು. ನಮಗೆ ಬೇಕಾದದ್ದು ಇಷ್ಟು: ಕುಗ್ಗಿಸುವಾಗ ಕೈಯನ್ನು ಎದೆಯ ಮುಂದೆ ಹಿಡಿಯಿರಿ, ಮುಖದ ಪಕ್ಕ ಬೇಡ. ಮುಖದ ಪಕ್ಕ ಹಿಡಿದರೆ ಪ್ರೇಕ್ಷಕರಿಗೆ ಒಂದು ಸಿದ್ಧ ಅಳತೆಗೋಲು ಸಿಕ್ಕಿಬಿಡುತ್ತದೆ, ಆಳ ಹಿಡಿತದ ಮೊದಲ ಹಂತ ಬಯಲಾಗುತ್ತದೆ. ಕೊನೆಯ ಪುಟ್ಟ ಕಂತೆಯನ್ನು ಮಾತ್ರ ಮುಖದ ಹತ್ತಿರ ತನ್ನಿ.

ಹೆಸರುಗಳು

ಈ ಆಟ ಯಾರದು ಎಂದು ಹುಡುಕಹೊರಟರೆ ಮೊದಲು ಸಿಗುವುದು ಮಾರಿದವರ ಹೆಸರು, ಆಮೇಲೆ ಬರೆದವರ ಹೆಸರು. ಕಂಡುಹಿಡಿದವರು ಸಾಲಿನ ಕೊನೆಯಲ್ಲಿ, ಸಿಕ್ಕರೆ. 1876ರಲ್ಲಿ ಜಾದೂ ವಿದ್ಯೆಯನ್ನು ವಿವರವಾಗಿ ಅಚ್ಚಿಗೆ ತಂದು ಇಂಗ್ಲೆಂಡಿನಲ್ಲಿ ಗದ್ದಲವೆಬ್ಬಿಸಿದ ‘ಪ್ರೊಫೆಸರ್ ಹಾಫ್‌ಮನ್’ ಪ್ರೊಫೆಸರೂ ಅಲ್ಲ, ಹಾಫ್‌ಮನ್ನೂ ಅಲ್ಲ. ಏಂಜೆಲೋ ಲೂಯಿಸ್ ಎಂಬ ವಕೀಲರು. ಬರೆದಿಟ್ಟರೆಂದೇ ಎಷ್ಟೋ ಆಟಗಳು ಉಳಿದವು, ಅದು ದೊಡ್ಡ ಉಪಕಾರ. ಆದರೆ ಪುಸ್ತಕದಲ್ಲಿ ಮೊದಲು ಕಂಡದ್ದನ್ನೇ ಹುಟ್ಟಿದ ದಿನ ಎಂದು ಹಿಡಿಯುವ ಅಭ್ಯಾಸವೂ ಅಲ್ಲಿಂದಲೇ ಅಂಟಿಕೊಳ್ಳುತ್ತದೆ.

ವಿಶೇಷವಾಗಿ ತಯಾರಿಸಿದ ಎಲೆಗಳ ವಿಷಯದಲ್ಲಿ ನಾವು ಮೊದಲು ನೆನೆಯಬೇಕಾದವರು ವಿಯೆನ್ನಾದ ಯೋಹಾನ್ ನೆಪೊಮುಕ್ ಹೋಫ್ಜಿನ್ಸರ್ (1806–1875). ಸರ್ಕಾರಿ ನೌಕರ. ಇಸ್ಪೀಟು ಜಾದೂವನ್ನು ಒಂದು ಸ್ವತಂತ್ರ ಕಲೆಯಾಗಿ ಬೆಳೆಸಿದವರು. ಬದುಕಿದ್ದಾಗ ತಮ್ಮ ವಿಧಾನಗಳನ್ನು ಪ್ರಕಟಿಸಲಿಲ್ಲ. ಒಟ್ಟೋಕಾರ್ ಫಿಷರ್ ಶಿಷ್ಯರ ನೆನಪಿನಿಂದಲೂ ಉಳಿದ ಪತ್ರಗಳಿಂದಲೂ ಆಯ್ದು 1910ರಲ್ಲಿ ಪುಸ್ತಕ ಮಾಡಿದರು. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಪ್ಯಾಕೆಟ್ ಟ್ರಿಕ್, ಅಂದರೆ ಕೆಲವೇ ಎಲೆಗಳಿಂದ ಮಾಡುವ ಆಟದ ಕಡೆಗೆ ಬಂದರೆ ಪೀಟರ್ ಕೇನ್. ಒಂದೊಂದೇ ಎಲೆ ಬದಲಾಗಿ ಎಲ್ಲವೂ ಒಂದೇ ಎಲೆಯಾಗುವ, ಇಂದು ‘ವೈಲ್ಡ್ ಕಾರ್ಡ್’ ಎಂದು ಮಾರಾಟವಾಗುವ ಆಟವನ್ನು ಈ ಬ್ರಿಟಿಷ್ ಜಾದೂಗಾರ 1960ರ ದಶಕದ ಆರಂಭದಲ್ಲಿ ‘ವಾಚ್ ದಿ ಏಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಜಗತ್ತಿಗೆಲ್ಲ ಹರಡಿದ್ದು ಅಮೆರಿಕದ ಫ್ರಾಂಕ್ ಗಾರ್ಸಿಯಾ ಅವರ ರೂಪ, ಅವರಿಟ್ಟ ಹೆಸರು. ಆಟ ಮಾಡುವವರಲ್ಲಿ ಕೇನ್ ಹೆಸರು ಹೇಳುವವರು ಕಡಿಮೆ.

ಗಾತ್ರದ ಒಗಟಿಗೆ ಇನ್ನೂ ಹತ್ತಿರದವರು ಲ್ಯೂಬರ್ ಫೀಡ್ಲರ್. ಇಸ್ಪೀಟಲ್ಲ, ಪೆಟ್ಟಿಗೆ. ಅವರ ‘ಗೋಜಿಂಟಾ’ ಪೆಟ್ಟಿಗೆಗಳಲ್ಲಿ ಒಂದು ಇನ್ನೊಂದರೊಳಗೆ ಕೂರುತ್ತದೆ, ಕ್ಷಣದ ಬಳಿಕ ಹೊರಗಿದ್ದದ್ದೇ ಒಳಗಿದ್ದದ್ದರೊಳಗೆ ಕೂರುತ್ತದೆ. ಕೈಚಳಕವೇ ಬೇಡ. ಕುಗ್ಗುವ ಎಲೆಗಳಲ್ಲಿ ನಾವು ಬೆವರು ಸುರಿಸುವ ಪ್ರಶ್ನೆಯನ್ನು, ಅಂದರೆ ದೊಡ್ಡದನ್ನು ಎಲ್ಲಿ ಕಳಿಸುವುದು ಎಂಬುದನ್ನು, ಅವರು ಎಲ್ಲಿಗೂ ಕಳಿಸದೆಯೇ ಬಗೆಹರಿಸಿದರು. ಈ ಪೆಟ್ಟಿಗೆ ನೋಡಿದವರು ಸಾವಿರಾರು, ಮಾಡಿದವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಪೇಟೆಂಟ್ ಮಾಡಿಸಬಹುದಿತ್ತಲ್ಲ ಎಂಬ ಪ್ರಶ್ನೆ ಬರುತ್ತದೆ. ಪೇಟೆಂಟ್ ಬೇಕೆಂದರೆ ವಿಧಾನವನ್ನು ಬರೆದುಕೊಡಬೇಕು, ಬರೆದುಕೊಟ್ಟದ್ದನ್ನು ಯಾರು ಬೇಕಾದರೂ ಓದಬಹುದು. ಹೆಂಗಸನ್ನು ಗರಗಸದಿಂದ ಎರಡು ಮಾಡುವ ಆಟವನ್ನು 1921ರಲ್ಲಿ ಲಂಡನ್ನಿನಲ್ಲಿ ಪಿ. ಟಿ. ಸೆಲ್ಬಿಟ್ ತೋರಿಸಿದರು, ತಮ್ಮದೇ ರೂಪಕ್ಕೆ 1923ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಹೊರೇಸ್ ಗೋಲ್ಡಿನ್. ಮುಂದೆ ಸಿಗರೇಟ್ ಕಂಪನಿಯೊಂದು ಜಾಹೀರಾತಿನಲ್ಲಿ ಗುಟ್ಟು ಬಿಚ್ಚಿಟ್ಟಾಗ ಗೋಲ್ಡಿನ್ ಮೊಕದ್ದಮೆ ಹೂಡಿ 1938ರಲ್ಲಿ ಸೋತರು. ಪೇಟೆಂಟ್ ಪತ್ರದಲ್ಲಿ ಇರುವುದು ಗುಟ್ಟಾಗಿ ಉಳಿದಿರಲಿಲ್ಲ.

ಹೀಗಾಗಿ ಪ್ರತಿ ಆಟಕ್ಕೂ ನಾನು ಮೂರು ಸಾಲು ಬಿಟ್ಟು ಬರೆದುಕೊಳ್ಳುತ್ತೇನೆ: ಯೋಚಿಸಿದವರು, ಅಚ್ಚಿಗೆ ತಂದವರು, ಮಾರುಕಟ್ಟೆಗೆ ತಂದವರು. ಕುಗ್ಗುವ ಎಲೆಗಳ ಪುಟದಲ್ಲಿ ಮೊದಲ ಸಾಲು ಖಾಲಿ ಇದೆ. ಖಾಲಿ ಇದೆಯೆಂದು ಎರಡನೇ ಸಾಲಿನ ಹೆಸರನ್ನು ಮೇಲೇರಿಸುವುದಿಲ್ಲ.