ಬಂದವರ ಕೆಲಸ ನೋಡುವವರು ಯಾರು?

ಕಾಲೇಜುಗಳಿಂದ, ಕಂಪನಿಗಳಿಂದ ನನಗೆ ಬರುವ ಕೋರಿಕೆ ಹೆಚ್ಚುಕಡಿಮೆ ಒಂದೇ: 'ಓಪನ್ ಸೋರ್ಸ್‌ಗೆ ಹೊಸಬರು ಬರಬೇಕು, ಒಂದು ದಿನದ ಕಾರ್ಯಾಗಾರ ನಡೆಸಿಕೊಡಿ.' ಓಪನ್ ಸೋರ್ಸ್ ಎಂದರೆ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ತಂತ್ರಾಂಶ. ಪ್ರತಿಸಲವೂ ನಾನು ಕೇಳುವ ಪ್ರಶ್ನೆಯೂ ಒಂದೇ. ಅಂದು ನೂರು ಜನ ಕಳಿಸುವ ಕೆಲಸವನ್ನು ಮರುದಿನದಿಂದ ಕೂತು ನೋಡುವವರು ಯಾರು? ಉತ್ತರ ಬರುವುದಿಲ್ಲ. ಮಾತು ಮತ್ತೆ ಪ್ರಮಾಣಪತ್ರ, ಟೀ ಶರ್ಟ್‌ಗಳ ಕಡೆಗೆ ಹೊರಳುತ್ತದೆ. ಊಟಕ್ಕೆ ಕರೆದು, ಎಲೆ ಹಾಕಿ ಕೂರಿಸಿ, ಬಡಿಸುವವರನ್ನೇ ಗೊತ್ತುಮಾಡದ ಮನೆಯ ಹಾಗೆ.

ಟೀ ಶರ್ಟ್ ಏನು ಮಾಡಬಲ್ಲದು ಎಂಬುದು, ಓಪನ್ ಸೋರ್ಸ್‌ಗೆ ಕೆಲಸ ಕಳಿಸಿ ಎಂದು ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ 2020ರಲ್ಲಿ ಗೊತ್ತಾಯಿತು. ನಾಲ್ಕು ಪುಲ್ ರಿಕ್ವೆಸ್ಟ್‌ಗೆ (ಸೇರಿಸಿಕೊಳ್ಳಿ ಎಂದು ಕಳಿಸುವ ತಿದ್ದುಪಡಿಗೆ) ಒಂದು ಅಂಗಿ ಎಂದಾಗ, ಪ್ರಾಜೆಕ್ಟ್‌ನ ಪರಿಚಯವಿರುವ ರೀಡ್‌ಮಿ ಕಡತಕ್ಕೆ ಒಂದೆರಡು ಪದ ಅಂಟಿಸಿ ಕಳಿಸಿದವರಿಂದ, ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳು ತತ್ತರಿಸಿದರು. ಭಾಗವಹಿಸಲು ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕ ಎಂದು ಕೆಲವೇ ದಿನಗಳಲ್ಲಿ ನಿಯಮವನ್ನು ಬದಲಿಸಬೇಕಾಯಿತು. 2024ರ ಆರಂಭದಲ್ಲಿ, ಜಾಲತಾಣ ಕಟ್ಟುವವರು ಬಳಸುವ ಎಕ್ಸ್‌ಪ್ರೆಸ್ ಪ್ರಾಜೆಕ್ಟ್‌ಗೂ ಇದೇ ಗತಿ: ಪಾಠದ ವಿಡಿಯೊ ನೋಡಿದವರು ತಮ್ಮ ಹೆಸರನ್ನೇ ಸೇರಿಸಿ ಕಳಿಸತೊಡಗಿದರು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಯಾವ ಗುಂಡಿ ಒತ್ತಬೇಕೆಂದು ಅವರಿಗೆ ಹೇಳಿಕೊಟ್ಟವರಿದ್ದರು. ಕಳಿಸಿದ್ದನ್ನು ಆಚೆ ಒಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ಓದಬೇಕು ಎಂದು ಹೇಳಿಕೊಟ್ಟವರಿರಲಿಲ್ಲ.

ಕನ್ನಡದ ಅನುವಾದವನ್ನೇ ನೋಡಿ. ಫೈರ್‌ಫಾಕ್ಸ್ ಬ್ರೌಸರಿನ ಸಾಲುಗಳು ಪಾಂಟೂನ್ ಎಂಬ ತಾಣದಲ್ಲಿ ಅನುವಾದವಾಗುತ್ತವೆ. ಹೊಸಬರು ಬರೆದದ್ದು ಅಲ್ಲಿ ಸಲಹೆಯಾಗಿ ನಿಲ್ಲುತ್ತದೆ. ಅಧಿಕಾರವುಳ್ಳ ಅನುವಾದಕರು ಒಪ್ಪಿದ ಮೇಲೆಯೇ ಬ್ರೌಸರಿಗೆ ಸೇರುತ್ತದೆ. ಏರ್ಪಾಡು ಸರಿಯಾಗಿಯೇ ಇದೆ. ಆದರೆ ಒಪ್ಪುವವರು ಇಲ್ಲದಿದ್ದರೆ ಸಾವಿರ ಸಲಹೆ ಬಂದರೂ ಪರದೆಯ ಮೇಲೆ ಒಂದಕ್ಷರವೂ ಬದಲಾಗದು.

ಇಂಥದೇ ಒಂದು ಅನುವಾದ ಯೋಜನೆಗೆ ಧಾರವಾಡದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಬಹಳ ಶ್ರದ್ಧೆಯಿಂದ ಸಾಲುಗಳನ್ನು ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಉತ್ತರವಿಲ್ಲ. ಸಭೆಯೊಂದರಲ್ಲಿ ಸಿಕ್ಕಾಗ 'ನನ್ನ ಕನ್ನಡ ಅಷ್ಟು ಕೆಟ್ಟದಾಗಿದೆಯೇ?' ಎಂದು ಕೇಳಿದರು. ಕನ್ನಡ ಸೊಗಸಾಗಿತ್ತು. ಕಡತದ ಹೆಸರು ಬಂದು ಕೂರಬೇಕಾದ ಜಾಗದ ಗುರುತನ್ನು ಕೆಲವು ಸಾಲುಗಳಲ್ಲಿ ಅಳಿಸಿದ್ದರು, ಅಷ್ಟೇ. 'ಈ ಗುರುತನ್ನು ಹಾಗೆಯೇ ಉಳಿಸಿ, ವಾಕ್ಯದಲ್ಲಿ ಬೇಕಾದ ಕಡೆ ಇಡಬಹುದು' ಎಂದು ಯಾರಾದರೂ ಎರಡು ಸಾಲು ಬರೆದಿದ್ದರೆ ಅವರು ಇಂದಿಗೂ ನಮ್ಮೊಡನೆ ಇರುತ್ತಿದ್ದರು ಎಂದೇ ನನ್ನ ನಂಬಿಕೆ. ಯಾರೂ ಅವರನ್ನು ತಿರಸ್ಕರಿಸಿರಲಿಲ್ಲ, ಓದಿಯೇ ಇರಲಿಲ್ಲ. ಕಳಿಸಿದವರಿಗೆ ಈ ಎರಡರ ನಡುವಿನ ವ್ಯತ್ಯಾಸ ಹೇಗೆ ತಿಳಿಯಬೇಕು?

ಮೊದಲ ಕೆಲಸಕ್ಕೆ 48 ಗಂಟೆಯೊಳಗೆ ಪರಿಶೀಲನೆ ಸಿಕ್ಕವರು ಮರಳಿ ಬರುವುದು ಬಹಳ ಹೆಚ್ಚು ಎಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಅಧ್ಯಯನವೇ ಹೇಳಿದೆ. ಒಪ್ಪಿಗೆಯೇ ಸಿಗಬೇಕೆಂದಿಲ್ಲ. 'ನೋಡಿದೆ, ಭಾನುವಾರ ವಿವರವಾಗಿ ಬರೆಯುತ್ತೇನೆ' ಎಂದರೂ ಜನ ಕಾಯುತ್ತಾರೆ. ಇಷ್ಟನ್ನು ಹೇಳಿ ಮುಗಿಸಿದ ಮೇಲೂ 'ಹಾಗಾದರೆ ಪ್ರಚಾರ ಹೆಚ್ಚಿಸೋಣವೇ?' ಎಂದು ಕೇಳುವವರಿದ್ದಾರೆ. ಬೇಡ. ಪರಿಶೀಲಿಸುವವರನ್ನು ಹೆಚ್ಚಿಸಿ.

ಇಲ್ಲಿ ಎಚ್ಚರದ ಮಾತೊಂದಿದೆ. ಪರಿಶೀಲಕರು ಬೇಕೆಂದು ಕಂಡಕಂಡವರಿಗೆ ಒಪ್ಪಿಗೆಯ ಅಧಿಕಾರ ಕೊಡಿ ಎನ್ನುತ್ತಿಲ್ಲ. ಕಡತಗಳ ಗಾತ್ರ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶವನ್ನು ಬಹುತೇಕ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಯಿತೆಂದು ಅವರ ಮೇಲೆ ಒತ್ತಡ ಬಂತು. ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗುತ್ತ ವಿಶ್ವಾಸ ಗಳಿಸಿದ ಅಪರಿಚಿತರೊಬ್ಬರು ಸೇರಿಸಿದ ಕಳ್ಳಬಾಗಿಲು (ಹೊರಗಿನವರನ್ನು ಗುಟ್ಟಾಗಿ ಒಳಬಿಡುವ ಕೋಡ್) 2024ರ ಮಾರ್ಚ್‌ನಲ್ಲಿ ಪತ್ತೆಯಾಯಿತು. ಭದ್ರತೆಗೆ ಸಂಬಂಧಿಸಿದ ಕೋಡ್‌ನಲ್ಲಿ ಎರಡು ಜೊತೆ ಕಣ್ಣುಗಳಾದರೂ ಇರಲಿ. ಅನುವಾದ, ದಾಖಲೆಗಳಂಥ ಕಡೆ ಸ್ವಲ್ಪ ಧಾರಾಳವಾಗಿರಬಹುದು. ತಪ್ಪಾದರೆ ತಿದ್ದುವುದು ಸುಲಭ.

ಹಾಗಾಗಿ ಕಾರ್ಯಾಗಾರಕ್ಕೆ ಕರೆಯುವವರಲ್ಲಿ ನಾನು ಈಗ ಮೊದಲೇ ಕೇಳುವುದು ಇಬ್ಬರ ಹೆಸರನ್ನು. ಅವರಿಗೆ ಪ್ರಾಜೆಕ್ಟ್‌ನ ಒಳಹೊರಗು ಗೊತ್ತಿರಬೇಕು. ಆರು ತಿಂಗಳು, ವಾರಕ್ಕೆ ಮೂರು ಗಂಟೆ, ಕಚೇರಿಯ ಅವಧಿಯಲ್ಲೇ ಬಂದ ಕೆಲಸಗಳನ್ನು ಅವರು ಓದಬೇಕು, ಅದಕ್ಕೆ ಸಂಸ್ಥೆಯೇ ಸಂಬಳ ಕೊಡಬೇಕು. ಹೆಸರುಗಳು ಬಂದ ಮೇಲೆ ದಿನಾಂಕದ ಮಾತು.